ಎರಡು ಗಂಟೆಯ ದಾರಿಯ ಊಟ

ಮೈಸೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರು. ವೇಗದ ಬಂಡಿಗೆ ಎರಡು ಗಂಟೆಯ ಮಾತು. ಇಷ್ಟರೊಳಗೆ ಊಟವೇಕೆಂಬುದು ನಮ್ಮ ಗಣಿತವಾಗಿದ್ದಿತು. ಶತಾಬ್ದಿ, ವಂದೇ ಭಾರತ್ ಮೊದಲಾದ ಬಂಡಿಗಳಲ್ಲಿ (ಹೊಗೆಯಿಲ್ಲದ ಇವುಗಳನ್ನು ಧೂಮಶಕಟವೆನ್ನಲು ನಾಲಗೆ ಏಳದು) ಊಟದ ಹಣವು ಟಿಕೇಟಿನ ದರದಲ್ಲಿಯೇ ಅಡಕವಾಗಿರುವುದು. ಬೇಡವೆಂದು ಕಾದಿರಿಸುವಾಗಲೇ ಗುರುತಿಟ್ಟರೆ ಅಷ್ಟನ್ನು ಬಿಡುವರು. ನಾವು ಮೇಲ್ತರಗತಿಯ ಎರಡು ಆಸನಗಳನ್ನು ಕೊಂಡು, ಊಟಕ್ಕೆ ಮಾತ್ರ ಬೇಡವೆಂದೆವು. ಆನೆಯನ್ನು ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತಾಯಿತು.

ನಮ್ಮ ಗೃಹಿಣಿಗೆ ಸಕ್ಕರೆಯ ವ್ಯಾಧಿಯುಂಟು. ಊಟಕ್ಕೆ ಮುಂಚಿನ ಮಾತ್ರೆಯನ್ನು ಮನೆಯಲ್ಲಿ ನುಂಗಿದವಳು, ಹೊರಡುವ ಗಡಿಬಿಡಿಯಲ್ಲಿ ಊಟವನ್ನೇ ಮಾಡಿರಲಿಲ್ಲ. ನಮಗೆ ಹೇಳಲೂ ಇಲ್ಲ. ಮಂಡ್ಯವನ್ನು ದಾಟುವಾಗ ಆಕೆಯ ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ. ಸುತ್ತಲೂ ಅನ್ನ, ತೊವ್ವೆ, ರೊಟ್ಟಿ, ಪನ್ನೀರಿನ ಪಲ್ಯಗಳ ತಟ್ಟೆಗಳು! ಪ್ಯಾಸೆಂಜರ್ ಬಂಡಿಯಾಗಿದ್ದರೆ ಮದ್ದೂರಿನಲ್ಲಿ ನಿಂತು, ರವೆ ಈರುಳ್ಳಿಗಳ ಆ ಗರಿಗರಿಯಾದ ವಡೆಯಾದರೂ ದೊರೆಯುತ್ತಿದ್ದಿತು. ನಮ್ಮ ಬಂಡಿಯು ಮದ್ದೂರನ್ನು ಕಣ್ಣೆತ್ತಿಯೂ ನೋಡದೆ ಓಡಿತು.

ಪಕ್ಕದ ಸಾಲಿನ ತರುಣಿಯೊಬ್ಬಳು ನಮಗಿಂತ ಮೊದಲು ಅರಿತಳು. ಬಡಿಸುವ ಹುಡುಗನಿಂದ ಸಕ್ಕರೆಯ ಪೊಟ್ಟಣಗಳನ್ನು ಪಡೆದು, ನೀರಿನಲ್ಲಿ ಕರಗಿಸಿ ಕುಡಿಸಿದಳು. ಬಳಿಕ ತಾನಿನ್ನೂ ಮುಟ್ಟದಿದ್ದ ತಟ್ಟೆಯನ್ನೇ ಮುಂದಿಟ್ಟಳು. ಕಾಲು ಗಂಟೆಯಲ್ಲಿ ನಡುಕ ಅಡಗಿತು. "ತೊವ್ವೆಗೆ ಉಪ್ಪು ಸಾಲದು" ಎಂದು ಆಕೆ ಹೇಳಿದಾಗಲೇ ನಮಗೆ ಜೀವ ಬಂದುದು.

ಹುಡುಗನ ಬಳಿ ಊಟವೊಂದು ಮಿಕ್ಕಿದ್ದಿತು. ಹಣ ತೆತ್ತು ಅದನ್ನು ತರುಣಿಗೆ ಕೊಡಿಸುವಷ್ಟರಲ್ಲಿ ಕೆಂಗೇರಿ ಕಳೆದಿದ್ದಿತು. ಆಕೆ ಮೊಸರನ್ನಷ್ಟೇ ತಿಂದು ಇಳಿದಳು. ಹಿಂದಿರುಗುವ ಟಿಕೇಟಿಗೆ ನಾವು ಎರಡು ಊಟಗಳನ್ನು ಗುರುತಿಟ್ಟೆವು.