ಆರು ವೈದ್ಯರು ಹೊರಬೇಕಾದ ಭಾರ ಒಂದು ಹೆಬ್ಬೆಟ್ಟಿನ ಮೇಲೆ!



ಕಳೆದ ಅಮಾವಾಸ್ಯೆಯ ರಾತ್ರಿ ನಡೆದದ್ದು ನಿಮಗೆಲ್ಲ ಗೊತ್ತು. ನಮ್ಮ ತಾಲ್ಲೂಕು ಆಸ್ಪತ್ರೆಯಿಂದ ‘ಮೇಲಿನ ಆಸ್ಪತ್ರೆಗೆ’ ಎಂದು ಚೀಟಿ ಬರೆಸಿಕೊಂಡು ಹೋದ ತಾಯಿ, ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲಿದ್ದಳು. ಕೈಯಲ್ಲಿದ್ದ ದುಡ್ಡು ಮುಗಿದ ದಿನ ಕೂಲಿಕಾರ ಮಗನ ಮುಂದೆ ಬಂದದ್ದು ಒಂದು ಹಾಳೆ, ಒಂದು ಇಂಕ್ ಪ್ಯಾಡು. ‘ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇನೆ’ ಎಂದು ಬರೆದಿತ್ತು. ಓದಿ ಹೇಳಿದವರಿಲ್ಲ. ಹೆಬ್ಬೆಟ್ಟು ಒತ್ತಿದ. ಆಂಬುಲೆನ್ಸಿನಲ್ಲಿ ಊರು ಮುಟ್ಟುವವರೆಗೂ ಉಸಿರು ಕೊಡುವ ಗಾಳಿಚೀಲವನ್ನು ತಾನೇ ಅದುಮುತ್ತ ಬಂದ. ಅಂಗಳದಲ್ಲಿ ಇಳಿಸಿದ ಮೇಲೆ ಅದುಮುವುದನ್ನು ನಿಲ್ಲಿಸಬೇಕಾದವನೂ ಅವನೇ! ಈಗ ಅವನನ್ನು ‘ತಾಯಿಯನ್ನು ಕೊಂದವನು’ ಎನ್ನುವ ನಾಲಿಗೆಗಳೂ ಊರಲ್ಲಿವೆ.

ಕಾನೂನು ಏನು ಹೇಳುತ್ತದೆ? ಹೊನ್ನಾವರ ತಾಲ್ಲೂಕು ಹಳದೀಪುರದ ಮಗಳು, ನರ್ಸ್ ಅರುಣಾ ಶಾನಭಾಗ, 1973ರಿಂದ 2015ರವರೆಗೆ ಮುಂಬೈಯ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಳು. ಅವಳ ಪ್ರಕರಣವೂ ಎಬ್ಬಿಸಿದ ಪ್ರಶ್ನೆಗೆ ಸುಪ್ರೀಂ ಕೋರ್ಟು 2018ರಲ್ಲಿ ಘನತೆಯ ಸಾವು ಹಕ್ಕು ಎಂದು ಉತ್ತರಿಸಿತು. 2023ರಲ್ಲಿ, ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿ 30ರಂದು ಅದರಂತೆ ನಮ್ಮ ರಾಜ್ಯ ಸರ್ಕಾರವೇ ಆದೇಶ ಹೊರಡಿಸಿತು. ಗುಣವಾಗುವ ಭರವಸೆ ಇಲ್ಲದಾಗ ಮೂವರು ವೈದ್ಯರ ಮಂಡಳಿ ನೋಡಬೇಕು. ಆಮೇಲೆ ಬೇರೆ ಮೂವರು. ಅವರಲ್ಲೊಬ್ಬರನ್ನು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಬೇಕು. ಮನೆಯವರು ಒಪ್ಪಬೇಕು. ಆ ತೀರ್ಮಾನದ ಪ್ರತಿ ಜೆಎಂಎಫ್‌ಸಿ ನ್ಯಾಯಾಲಯಕ್ಕೆ ಹೋಗಬೇಕು.

ಕಾಗದದಲ್ಲಿ ಆರು ವೈದ್ಯರು. ನಮ್ಮ ಪಾಲಿಗೆ ಒಂದು ಹೆಬ್ಬೆಟ್ಟು!

ಔಷಧಿ ಕಂಪನಿ ಹೊಸ ಗುಳಿಗೆಯೊಂದನ್ನು ಮನುಷ್ಯರ ಮೇಲೆ ಪರೀಕ್ಷಿಸಬೇಕಾದರೆ, 2019ರ ನಿಯಮದಂತೆ ಕನಿಷ್ಠ 7 ಜನರ ಎಥಿಕ್ಸ್ ಕಮಿಟಿ (ನೀತಿ ಸಮಿತಿ) ಒಪ್ಪಬೇಕು. ಅದರಲ್ಲಿ ಹೆಂಗಸು ಇರಬೇಕು, ಕಾನೂನು ಬಲ್ಲವರಿರಬೇಕು, ವೈದ್ಯರಲ್ಲದ ಸಾಮಾನ್ಯರಿರಬೇಕು. ಗುಳಿಗೆಗೆ ಏಳು ಜನ, ನಮ್ಮ ತಾಯಿಗೆ ಒಬ್ಬರೂ ಇಲ್ಲವೇ? ಕಲಬುರಗಿ, ರಾಣೆಬೆನ್ನೂರು ಕಡೆಯ ತಾಂಡಾಗಳ ಹೆಂಗಸರು ವಿನಾಕಾರಣ ಗರ್ಭಕೋಶ ತೆಗೆದರೆಂದು ಬೀದಿಗಿಳಿದರಲ್ಲ, ಅದನ್ನು ನೆನೆಯಿರಿ. ಬಡವರ ಹೆಬ್ಬೆಟ್ಟು ಸಿಕ್ಕರೆ ಸಾಕು, ಮಿಕ್ಕಿದ್ದೆಲ್ಲ ಸಲೀಸು ಎಂಬ ಧೈರ್ಯ ಎಲ್ಲಿಂದ ಬಂತು?

ನಮ್ಮ ಆಸ್ಪತ್ರೆಗೂ ಅಂಥ ಕಮಿಟಿ ಬೇಕೆಂದರೆ, ‘ಆಸ್ಪತ್ರೆಯಲ್ಲಿ ಡಾಕ್ಟರೇ ಇಲ್ಲ, ಕಮಿಟಿಗೆ ಎಲ್ಲಿಂದ ತರೋಣ’ ಅನ್ನುತ್ತಾರೆ ದೊಡ್ಡವರು. ಮಂತ್ರಿಗಳು ಬಂದ ದಿನ ಬಾಗಿಲಲ್ಲಿ ಸಾಲುಗಟ್ಟಿ ನಿಂತವರು ಯಾರು, ನಾಟಕದ ಪಾತ್ರಧಾರಿಗಳೇ? ‘ಆರೋಗ್ಯ ರಕ್ಷಾ ಸಮಿತಿ ಇದೆಯಲ್ಲ’ ಅನ್ನುತ್ತಾರೆ. ಇದೆ, ಸುಣ್ಣಬಣ್ಣಕ್ಕೆ, ನೀರಿನ ಟ್ಯಾಂಕಿಗೆ! ‘ಹಳ್ಳಿಯವರಿಗೆ ಇದೆಲ್ಲ ಅರ್ಥವಾಗೋಲ್ಲ’ ಅನ್ನುವ ಮಹಾನುಭಾವರೇ, ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅರ್ಥವಾಗುತ್ತದೆಯೇ?

ವೈದ್ಯರ ಸಂಘದವರಲ್ಲಿ ಕೈಮುಗಿದು ಕೇಳುತ್ತೇವೆ. ನಿಮ್ಮ ಮೇಲೆ ಹಲ್ಲೆಯಾದಾಗ ಓಪಿಡಿ ಬಂದ್ ಮಾಡುತ್ತೀರಿ. ಹಲ್ಲೆ ತಪ್ಪು, ಅದನ್ನು ನಾವೂ ಖಂಡಿಸುತ್ತೇವೆ. ಆದರೆ ಮನೆಯವರನ್ನು ಕೂರಿಸಿಕೊಂಡು ನಾಲ್ಕು ಜನ ಸಮಾಧಾನವಾಗಿ ಮಾತಾಡುವ ಒಂದು ಜಾಗವಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಇನ್ನು ಸೂಪರ್ ಸ್ಪೆಷಾಲಿಟಿ ಕಟ್ಟಡಕ್ಕಾಗಿ ಪೆಂಡಾಲ್ ಹಾಕಿ ಕೂತ ಗೆಳೆಯರೇ, ನಿಮ್ಮ ಮನವಿಪತ್ರದಲ್ಲಿ ಲಿಫ್ಟ್ ಇದೆ, ಪಾರ್ಕಿಂಗ್ ಇದೆ, ಸಾಯುತ್ತಿರುವ ಮನುಷ್ಯ ಎಲ್ಲಿದ್ದಾನೆ? ಈ ಸಾವಿನ ಬಗ್ಗೆ ನಿಮ್ಮ ವೇದಿಕೆಯಿಂದ ಒಂದು ಮಾತೂ ಬರಲಿಲ್ಲ. ನಾಚಿಕೆಯಾಗಬೇಕು!

ನಮ್ಮ ತಾಲ್ಲೂಕು ಆಸ್ಪತ್ರೆಗೆ ಎಥಿಕ್ಸ್ ಕಮಿಟಿ ಬೇಕು. ವೈದ್ಯರು, ನರ್ಸಮ್ಮ, ಆಶಾ ಕಾರ್ಯಕರ್ತೆ, ವಕೀಲರು, ಊರಿನ ತಿಳಿದ ಹೆಣ್ಣುಮಗಳು, ಎಲ್ಲರೂ ಅದರಲ್ಲಿರಲಿ. ಎಷ್ಟು ಜನ, ಹೇಗೆ ಎಂಬುದನ್ನು ಕೂತು ತೀರ್ಮಾನಿಸೋಣ. ಮೊದಲು ಬೇಕು ಎಂದು ಒಪ್ಪಲಿ.

ಬರುವ ಸೋಮವಾರ ಆರೋಗ್ಯ ರಕ್ಷಾ ಸಮಿತಿಯ ಸಭೆ. ಶಾಸಕರೂ ಬರುತ್ತಾರೆ. ಬೆಳಗ್ಗೆ 10 ಗಂಟೆಗೆ ಆಸ್ಪತ್ರೆ ಗೇಟಿನ ಮುಂದೆ ಸೇರೋಣ. ನಿಮ್ಮ ಮನೆಯಲ್ಲೂ ಹೀಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಹಾಳೆ ಇದ್ದರೆ ಜೆರಾಕ್ಸ್ ಮಾಡಿಸಿ ತನ್ನಿ. ಎಲ್ಲವನ್ನೂ ಶಾಸಕರ ಮೇಜಿನ ಮೇಲಿಡೋಣ.

– ತಾಲ್ಲೂಕಿನ ರೋಗಿಗಳ ಮನೆಯವರು
(ಓದಿದ ಮೇಲೆ ಪಕ್ಕದ ಮನೆಗೆ ಕೊಡಿ)