ನೆಲ ಕುಸಿದ ಲೆಕ್ಕ ಯಾರ ಕೈಯಲ್ಲಿರಬೇಕು?

ಕಲ್ಕತ್ತೆಯ ಬೌಬಜಾರ್ ಅಕ್ಕಸಾಲಿಗರ ಪೇಟೆ. ಅಲ್ಲಿ 2019ನೆಯ ಇಸವಿ ಆಗಸ್ಟ್ 31ರಂದು ಮೆಟ್ರೊ ರೈಲಿನ ಸುರಂಗ ಕೊರೆಯುತ್ತಿದ್ದ ಯಂತ್ರವು ನೆಲದಡಿಯ ಜಲಪದರಕ್ಕೆ ತಗುಲಿತು. ನೀರೂ ಹೂಳೂ ಸುರಂಗದೊಳಕ್ಕೆ ನುಗ್ಗಿದವು, ಮೇಲಿನ ನೆಲ ಕುಗ್ಗಿತು. ದುರ್ಗಾ ಪಿತುರಿ ಲೇನಿನ ಸುತ್ತಮುತ್ತ ಹಳೆಯ ಮನೆಗಳು ಬಿರಿದವು. ಕೆಲವು ಕುಸಿದೇ ಬಿದ್ದವು. ನೂರಾರು ಮಂದಿ ಮನೆ ಅಂಗಡಿಗಳನ್ನು ಬಿಟ್ಟು ಹೋಟೆಲುಗಳಲ್ಲಿ ತಂಗಬೇಕಾಯಿತು. 2022ರ ಮೇ ತಿಂಗಳಲ್ಲಿ ಅದೇ ಓಣಿಯಲ್ಲಿ ಮತ್ತೆ ಬಿರುಕು, ಅಕ್ಟೋಬರಿನಲ್ಲಿ ಹತ್ತಿರದ ಮದನ್ ದತ್ತ ಲೇನಿನಲ್ಲಿ.

ಸುರಂಗವೇ ಬೇಡವೆಂದು ನಾವು ವಾದಿಸುವುದಿಲ್ಲ. 2025ರ ಆಗಸ್ಟಿನಲ್ಲಿ ಆ ಮಾರ್ಗ ತೆರೆಯಿತು. ಅದರಲ್ಲಿ ಓಡಾಡುವವರೂ ದುಡಿಯುವ ಜನರೇ. ನಮ್ಮ ಪ್ರಶ್ನೆ ಬೇರೆ.

ಯಂತ್ರ ಕೊರೆದಷ್ಟೂ ಮಣ್ಣು ಸ್ವಲ್ಪವಾದರೂ ಸಡಿಲವಾಗುತ್ತದೆ, ಮೇಲಿನ ನೆಲ ತಟ್ಟೆಯಂತೆ ತಗ್ಗುತ್ತದೆ. ಮನೆಯಿಡೀ ಒಂದೇ ಸಮನೆ ಕೆಲವು ಮಿಲಿಮೀಟರ್ ಇಳಿದರೆ ಹೆಚ್ಚಿನ ಕೇಡಿಲ್ಲ. ಒಂದು ಮೂಲೆ ಇಳಿದು ಇನ್ನೊಂದು ನಿಂತರೆ ಗೋಡೆ ಸೀಳುತ್ತದೆ. ಆದ್ದರಿಂದಲೇ ಬೀದಿಯಲ್ಲಿ ಮಟ್ಟದ ಗುರುತುಗಳನ್ನು ನೆಡುತ್ತಾರೆ, ಗೋಡೆಗಳ ವಾಲುವಿಕೆಯನ್ನು ಅಳೆಯುತ್ತಾರೆ, ಹಳೆಯ ಬಿರುಕಿಗೆ ಅಳತೆಪಟ್ಟಿ ಅಂಟಿಸುತ್ತಾರೆ, ಕೊಳವೆ ಇಳಿಸಿ ಅಂತರ್ಜಲದ ಒತ್ತಡ ನೋಡುತ್ತಾರೆ. ಇಂತಿಷ್ಟು ದಾಟಿದರೆ ಎಚ್ಚರಿಕೆ, ಇನ್ನೂ ದಾಟಿದರೆ ಕೆಲಸ ನಿಲ್ಲಿಸಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರೆ. ವಿದ್ಯೆಗೇನೂ ಕೊರತೆಯಿಲ್ಲ.

ಆದರೆ ಈ ಅಂಕಿಗಳು ಹೋಗುವುದು ಗುತ್ತಿಗೆದಾರನ ಕಚೇರಿಗೆ, ಇಂಜಿನಿಯರರ ಮೇಜಿಗೆ. ಗೋಡೆ ಯಾರದೋ ಅವನಿಗೆ ಸುದ್ದಿ ತಿಳಿಯುವುದು ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡಾಗ! ಯಂತ್ರ ಒಂದು ದಿನ ನಿಂತರೆ ಗುತ್ತಿಗೆದಾರನಿಗೆ ನಷ್ಟ. ಅಳತೆ ತೆಗೆಯುವವನೂ ಅದೇ ಗುತ್ತಿಗೆದಾರನ ಸಂಬಳದವನಾದರೆ ‘ನಿಲ್ಲಿಸಿ’ ಎನ್ನುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು?

ಪರಿಹಾರದ ಮಾತೂ ಇದೆ. ಮನೆಯ ಒಡೆಯನ ಬಳಿ ಪತ್ರಗಳಿರುತ್ತವೆ. ಬಾಡಿಗೆ ಮಳಿಗೆಯವನು, ಅವನಲ್ಲಿ ಕೂಲಿಗೆ ಕುಳಿತ ಕೆಲಸಗಾರ, ತಮ್ಮ ಮುಚ್ಚಿದ ತಿಂಗಳುಗಳ ಲೆಕ್ಕವನ್ನು ಯಾವ ಕಾಗದದಿಂದ ರುಜುವಾತು ಮಾಡಿಯಾರು?

ಬೆಂಗಳೂರಿನ ಶಿವಾಜಿನಗರದ ಕೆಳಗೂ 2021ರಲ್ಲಿ ಇಂಥ ಯಂತ್ರ ಹಾದುಹೋಗಿದೆ. ಪ್ರಶ್ನೆ ಕಲ್ಕತ್ತೆಯದು ಮಾತ್ರವಲ್ಲ. ಕೊರೆಯುವ ಮುನ್ನ ಪ್ರತಿ ಕಟ್ಟಡದ ಸ್ಥಿತಿಯನ್ನು ಬರೆದು, ಅದರ ಒಂದು ಪ್ರತಿಯನ್ನು ವಾಸವಿರುವವನಿಗೆ, ಬಾಡಿಗೆದಾರನಾದರೂ ಸರಿ, ಕೊಡಬೇಕು. ದಿನದ ಅಳತೆಯನ್ನು ಬೀದಿಯ ಫಲಕದ ಮೇಲೆ ಕನ್ನಡದಲ್ಲಿ ಬರೆಯಬೇಕು. ಅಳೆಯುವವರು ಗುತ್ತಿಗೆದಾರನ ಆಳುಗಳಾಗಿರದೆ, ಯಂತ್ರ ನಿಲ್ಲಿಸುವ ಅಧಿಕಾರ ಉಳ್ಳವರಾಗಿರಬೇಕು. ಮಳಿಗೆ ಮುಚ್ಚಿದ ದಿನಗಳ ಕೂಲಿಯನ್ನು ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು.