ಹವಳದ ತೊಟ್ಟಿಗೆ ಎಷ್ಟು ಸಾಮಾನು ಬೇಕು ಸ್ವಾಮಿ?

ಬೆಲ್ಲಕ್ಕೆ ಹೆಸರಾದ ಅನಕಾಪಲ್ಲಿಯಲ್ಲಿ ಕೂತು ಉಪ್ಪುನೀರಿನ ಬಗ್ಗೆ ಬರೆಯುತ್ತಿದ್ದೇನೆ, ನಗಬೇಡಿ. ಹೊನ್ನಾವರ ಬಿಟ್ಟು ಈ ಕಡೆ ಬಂದು ಇಪ್ಪತ್ತಾರು ವರ್ಷವಾಯಿತು. ಮನೆಯಲ್ಲಿ ಮೂರಡಿಯ ಒಂದು ರೀಫ್ ಟ್ಯಾಂಕ್ ಇದೆ ಅಂತ ಗೊತ್ತಾದ ಮೇಲೆ ವಿಶಾಖಪಟ್ಟಣದಿಂದ, ವಿಜಯವಾಡದಿಂದ, ಆಗೀಗ ಬೆಂಗಳೂರಿನಿಂದಲೂ ಹುಡುಗರು ಕೇಳುವ ಪ್ರಶ್ನೆ ಒಂದೇ. "ಸಾರ್, ಶುರು ಮಾಡೋಕೆ ಏನೇನು ಕೊಳ್ಳಬೇಕು?"

ಕೇಳುವಾಗಲೇ ಅವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಅಂಗಡಿಯವರು ಕೊಟ್ಟದ್ದೋ, ಅಮೆರಿಕದವರ ವೀಡಿಯೋ ನೋಡಿ ಬರೆದುಕೊಂಡದ್ದೋ. ಒಬ್ಬ ಹುಡುಗನ ಪಟ್ಟಿ ಕೂಡಿಸಿ ನೋಡಿದೆ, ಒಂದೂಮುಕ್ಕಾಲು ಲಕ್ಷ. ಮೀನು ಇನ್ನೂ ಬಂದೇ ಇಲ್ಲ! ಎರಡನೇ ವರ್ಷದ ಕೆಲಸದಲ್ಲಿರುವ ಹುಡುಗ, ಕಂತಿನಲ್ಲಿ ಕೊಳ್ಳುತ್ತೇನೆ ಅಂದ.

ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಆ ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿ. ಉಳಿದ ಅರ್ಧಕ್ಕೆ, ಅದರಲ್ಲಿ ಯಾರೂ ಬರೆಯದ ಮೂರು ಸಾಮಾನು ಸೇರಿಸಿ. ಆ ಮೂರು ಇಲ್ಲದಿದ್ದರೆ ಈ ಹವ್ಯಾಸಕ್ಕೆ ಕೈ ಹಾಕಲೇಬೇಡಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಮೊದಲು ಈ ಪಟ್ಟಿ ಎಲ್ಲಿಂದ ಬಂತು ನೋಡಿ. ಇವತ್ತು ರೀಫ್ ಟ್ಯಾಂಕ್ ಅಂದರೆ ಕಣ್ಣಿಗೆ ಬರುವುದು ಜರ್ಮನಿಯ ಬರ್ಲಿನ್‌ನ ಹವ್ಯಾಸಿಗಳು ರೂಢಿಗೆ ತಂದ ಪದ್ಧತಿ. ಜೀವಂತ ಬಂಡೆ, ಬಲವಾದ ದೀಪ, ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಪ್ರೊಟೀನ್ ಸ್ಕಿಮ್ಮರ್. ಬಿಸಿಲು ಕಡಿಮೆ, ಚಳಿ ಹೆಚ್ಚು, ಕರೆಂಟು ಹೋಗುವುದೇ ಅಪರೂಪ ಅನ್ನುವ ಊರಿನ ಪಟ್ಟಿ ಅದು. ಅದಕ್ಕೇ ಅದರಲ್ಲಿ ಹೀಟರ್ ಇರುತ್ತದೆ, ಇನ್ವರ್ಟರ್ ಇರುವುದಿಲ್ಲ.

ಅದಕ್ಕೂ ಮುಂಚೆ, 1961ರ ಹೊತ್ತಿಗೇ, ಜಕಾರ್ತಾದ ಲೀ ಚಿನ್ ಎಂಗ್ ಅನ್ನುವವರು ತಮ್ಮ ಪದ್ಧತಿಯನ್ನು ಬರೆದು ಪ್ರಕಟಿಸಿದ್ದರು. ಸಮುದ್ರದ ನೀರು, ಜೀವಂತ ಬಂಡೆ, ಬಿಸಿಲು, ಗಾಳಿಯ ಗುಳ್ಳೆ ಬಿಡುವ ಒಂದು ಸಣ್ಣ ಪಂಪು. ಇಷ್ಟರಲ್ಲೇ ಹವಳ ಸಾಕುತ್ತಿದ್ದರು! ಆದರೆ ಅವರಂತೆ ನಾವೂ ಸಮುದ್ರಕ್ಕೆ ಹೋಗಿ ಬಂಡೆ ಕಿತ್ತು ತರುವ ಹಾಗಿಲ್ಲ. ಸಾಮಾನಿನ ಮಾತಿಗೆ ಮುಂಚೆ ಅದನ್ನು ಹೇಳಿಬಿಡಬೇಕು.

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ಕ್ಕೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ಸೇರಿದವು. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್, ಕಡಲಕುದುರೆ, ಕಡಲಸೌತೆ, ಇವೂ ಸೇರಿದವು. ಹುಲಿಗಿರುವ ರಕ್ಷಣೆಯೇ ಇವಕ್ಕೂ. ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. ಸತ್ತ ಹವಳದ ಅಸ್ಥಿಗೂ ಈ ಮಾತು ಅನ್ವಯ. "ಲೈವ್ ರಾಕ್" ಅಂತ ಗುಟ್ಟಾಗಿ ಮಾರುವ ಬಂಡೆ ಬಹಳ ಸಲ ಅದೇ ಆಗಿರುತ್ತದೆ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳ ಇದೆ. ಈ ಅನಕಾಪಲ್ಲಿ ಜಿಲ್ಲೆಯ ಪೂಡಿಮಡಕದ ಕಡಲಲ್ಲೂ ಹವಳ ಇರುವುದು ದಾಖಲಾಗಿದೆ. ಅದೆಲ್ಲ ನೋಡಲಿಕ್ಕೆ ಮಾತ್ರ.

ಹಾಗಾದರೆ ಸಾಕುವುದೇನು? ಆ ಪಟ್ಟಿಗೆ ಸೇರದ ಮೆತ್ತನೆಯ ಜಾತಿಗಳಿವೆ. ಲೆದರ್ ಕೋರಲ್, ಮಶ್ರೂಮ್, ಜೋಆಂಥಿಡ್. ಅವೂ ತೊಟ್ಟಿಯಲ್ಲೇ ಬೆಳೆದ ತುಂಡುಗಳಾಗಿರಲಿ. ಹೊರದೇಶದ್ದು ಅಂದರೆ ಕಾಗದ ಕೇಳಿ, ತೋರಿಸದಿದ್ದರೆ ನಮಸ್ಕಾರ ಹೇಳಿ ಬನ್ನಿ. ಮೀನು ಅಂದರೆ ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್‌ಫಿಶ್ ಒಂದು ಜೋಡಿ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅವನ್ನು ಮರಿ ಮಾಡಿಸುವ ವಿಧಾನ ಕಂಡುಕೊಂಡು ವರ್ಷಗಳೇ ಆದವು.

ಈಗ ಒಂದು ತಮಾಷೆ ಗಮನಿಸಿ. ಅಂಗಡಿಯ ಪಟ್ಟಿಯಲ್ಲಿ ಅತಿ ದುಬಾರಿ ಯಂತ್ರಗಳೆಲ್ಲ ಇರುವುದು ಗಟ್ಟಿ ಹವಳಕ್ಕಾಗಿ. ಅವು ಸುಣ್ಣದ ಮನೆ ಕಟ್ಟುತ್ತವೆ, ದಿನಾ ನೀರಿನ ಕ್ಯಾಲ್ಸಿಯಂ ತಿನ್ನುತ್ತವೆ, ಅದಕ್ಕೆ ಕ್ಯಾಲ್ಸಿಯಂ ರಿಯಾಕ್ಟರ್, ಡೋಸಿಂಗ್ ಪಂಪ್, ಪ್ರಖರ ದೀಪ, ಎಲ್ಲವನ್ನೂ ಕಾಯುವ ಕಂಟ್ರೋಲರ್. ಇಟ್ಟುಕೊಳ್ಳಲು ಕಾನೂನಿಲ್ಲದ ಪ್ರಾಣಿಗೆ ಇಷ್ಟೆಲ್ಲ ಯಂತ್ರ ಮಾರುತ್ತಿದ್ದಾರೆ! ಅರ್ಧ ಪಟ್ಟಿ ಇಲ್ಲೇ ಹೋಯಿತು ನೋಡಿ.

ಇನ್ನು ಬೇಕೇ ಬೇಕಾದದ್ದು.

ಗಾಜಿನ ತೊಟ್ಟಿ. ಚಿಕ್ಕದು ಸುಲಭ ಅಂತ ಎಲ್ಲರೂ ತಿಳಿದಿದ್ದಾರೆ, ಉಲ್ಟಾ. ನೀರು ಹೆಚ್ಚಿದ್ದಷ್ಟೂ ಅದು ನಿಧಾನವಾಗಿ ಬಿಸಿಯಾಗುತ್ತದೆ, ನಿಧಾನವಾಗಿ ಕೆಡುತ್ತದೆ, ನಿಮಗೆ ಸರಿಪಡಿಸಲು ಸಮಯ ಸಿಗುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಅಂದರೆ ಸುಮಾರು 180 ಲೀಟರ್. ಬಂಡೆ ಇಟ್ಟು, ಮೇಲೆ ಸ್ವಲ್ಪ ಬಿಟ್ಟರೆ 150 ಲೀಟರ್ ನೀರು. ತೂಕ ಎರಡು ಕ್ವಿಂಟಾಲ್ ದಾಟುತ್ತದೆ, ಸ್ಟ್ಯಾಂಡು ಗಟ್ಟಿಯಿರಲಿ.

ಉಪ್ಪು. ಇದರ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಉಳಿತಾಯ ಮಾಡಲು ಹೋಗುವವರು ಮೊದಲು ಕೈ ಹಾಕುವುದು ಇಲ್ಲೇ. "ಸಮುದ್ರದ ಉಪ್ಪೇ ಅಲ್ವಾ, ಹರಳುಪ್ಪು ಕರಗಿಸಿದರೆ ಆಗಲ್ವಾ?" ಆಗಲ್ಲ. ಸಾಣಿಕಟ್ಟೆಯ ಗದ್ದೆಗಳಲ್ಲಿ ಉಪ್ಪು ತೆಗೆಯುವುದನ್ನು ನೋಡಿದ್ದೀರಲ್ಲ? ನೀರು ಆರುತ್ತಾ ಹೋದಂತೆ ಮೊದಲು ಸುಣ್ಣ, ಜಿಪ್ಸಮ್ ತಳ ಸೇರುತ್ತವೆ. ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಷಿಯಂ ಬಹುಪಾಲು ಉಳಿದ ಕಹಿ ನೀರಿನಲ್ಲೇ ಹೋಗುತ್ತದೆ. ನಮ್ಮ ಕೈಗೆ ಬರುವುದು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಅದನ್ನು ಮತ್ತೆ ನೀರಿಗೆ ಹಾಕಿದರೆ ಉಪ್ಪಿನಕಾಯಿ ಆಗಬಹುದು, ಸಮುದ್ರ ಆಗುವುದಿಲ್ಲ. ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, 1300ರ ಹತ್ತಿರ ಮೆಗ್ನೀಷಿಯಂ ಇರುತ್ತದೆ. ಅದೆಲ್ಲ ಸೇರಿಸಿದ ಅಕ್ವೇರಿಯಂ ಉಪ್ಪೇ ಬೇಕು. ಲೀಟರಿಗೆ ಸುಮಾರು 38 ಗ್ರಾಂ ಲೆಕ್ಕದಲ್ಲಿ ಮೊದಲ ಸಲಕ್ಕೆ ಆರು ಕೆಜಿಯೊಳಗೆ ಸಾಕು.

"ಸಮುದ್ರ ಇಲ್ಲೇ ಇದೆ, ಕ್ಯಾನಿನಲ್ಲಿ ತುಂಬಿ ತಂದರೆ?" ಇದು ಇಲ್ಲಿಯವರ ಎರಡನೇ ಪ್ರಶ್ನೆ. ಬಂದರು, ಕಾರ್ಖಾನೆ, ಊರ ಕೊಚ್ಚೆಯ ವಿಷಯ ಬಿಡಿ. ಬಂಗಾಳಕೊಲ್ಲಿಯ ಗುಣವೇ ಬೇರೆ. ಮಳೆಗಾಲ ಮುಗಿದ ಮೇಲೆ ಗಂಗೆ, ಮಹಾನದಿಗಳ ಸಿಹಿನೀರು ಕರಾವಳಿ ಹಿಡಿದು ದಕ್ಷಿಣಕ್ಕೆ ಇಳಿಯುತ್ತದೆ. ಸಾವಿರಕ್ಕೆ 35 ಇರಬೇಕಾದ ಉಪ್ಪು ಅಕ್ಟೋಬರ್-ನವೆಂಬರಿನಲ್ಲಿ 30ಕ್ಕಿಂತ ಕೆಳಗೂ ಬರುತ್ತದೆ. ಅಳೆಯದೆ ತಂದು ಸುರಿದರೆ ಹವಳ ಮುದುಡಿ ಹೋಗುತ್ತದೆ.

ಹಾಗಾಗಿ ಅಳೆಯುವ ಸಾಧನ, ರಿಫ್ರಾಕ್ಟೋಮೀಟರ್. ತೇಲುವ ಪ್ಲಾಸ್ಟಿಕ್ ಮಾಪಕ ಬೇಡ. ಜೊತೆಗೆ ಅಮೋನಿಯಾ, ನೈಟ್ರೇಟ್, ಆಲ್ಕಲಿನಿಟಿ ಪರೀಕ್ಷೆಯ ಕಿಟ್. ಬಂಡೆಗೆ ಸಿರಾಮಿಕ್ ಅಥವಾ ಚೆನ್ನಾಗಿ ನೆನೆಸಿದ ಸಿಮೆಂಟಿನದ್ದು ಸಾಕು. ಮೀನಿಲ್ಲದೆ ನಾಲ್ಕರಿಂದ ಆರು ವಾರ ಓಡಿಸಿ. ಅಮೋನಿಯಾ ತಿಂದು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬಂಡೆಯ ಮೇಲೆ ನೆಲೆಯೂರಬೇಕು. ಈ ಕಾಯುವಿಕೆಗೆ ದುಡ್ಡಿಲ್ಲ, ಆದರೆ ಇದನ್ನು ಯಾವ ಅಂಗಡಿಯೂ ಮಾರುವುದಿಲ್ಲವಾದ್ದರಿಂದ ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ.

ನೀರು ಆರ್‌ಓ-ಡಿಐ ಯಂತ್ರದ್ದಾಗಿರಲಿ. ಅಡುಗೆಮನೆಯ ಫಿಲ್ಟರಿನಲ್ಲಿ ರುಚಿಗೆ ಅಂತ ಲವಣ ವಾಪಸ್ ಬೆರೆಸುತ್ತಾರೆ, ಅದು ನಮಗಾಗದು. ನೀರು ಓಡಾಡಿಸಲು ಪಂಪ್ ಎರಡು, ಎರಡೂ ಸೇರಿ ಗಂಟೆಗೆ ಮೂರು ನಾಲ್ಕು ಸಾವಿರ ಲೀಟರ್. ಹವಳ ಆಹಾರ ಹುಡುಕಿಕೊಂಡು ಹೋಗುವುದಿಲ್ಲ, ನೀರೇ ಅದರ ಹತ್ತಿರ ಹೋಗಬೇಕು. ಮೆತ್ತನೆಯ ಜಾತಿಗಳಿಗೆ ಮಧ್ಯಮ ಬಲದ ಒಂದು ಎಲ್‌ಇಡಿ ದೀಪ ಸಾಕು.

ಸ್ಕಿಮ್ಮರ್? ಒಳ್ಳೆಯದೇ, ಆದರೆ ಎರಡು ಮೀನಿಗೆ ಮೊದಲ ವರ್ಷ ಬೇಡ. ವಾರಕ್ಕೆ 15 ಲೀಟರ್ ನೀರು ಬದಲಾಯಿಸಿ, ಉಪ್ಪು ಸುಮಾರು 600 ಗ್ರಾಂ ಹೋಗುತ್ತದೆ. ಬಕೆಟ್ಟು ಎತ್ತಲು ಬೇಜಾರು ಅನ್ನುವವರಿಗೆ ಸ್ಕಿಮ್ಮರೂ ಬೇಜಾರು ತರುತ್ತದೆ, ಅದರ ಕಪ್ಪು ತೊಳೆಯಬೇಕಲ್ಲ! ಯುವಿ, ಓಝೋನ್, ತರಾವರಿ ರಿಯಾಕ್ಟರುಗಳ ಮಾತು ಎತ್ತಲೇಬೇಡಿ.

ಈಗ ಪಟ್ಟಿಯಲ್ಲಿಲ್ಲದ ಆ ಮೂರು.

ಒಂದು, ತಂಪು. ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ನಮ್ಮಲ್ಲಿ ಮೇ ತಿಂಗಳಲ್ಲಿ ಮನೆಯೊಳಗಿನ ಬಕೆಟ್ ನೀರೇ 31-32 ಇರುತ್ತದೆ. ಸಮುದ್ರದಲ್ಲೇ ಎಂದಿನ ಬೇಸಿಗೆಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ ಹವಳ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಆದದ್ದು ಅದೇ. ನಿಮ್ಮ ಗಾಜಿನ ಡಬ್ಬಿ ಯಾವ ಲೆಕ್ಕ? ಬೆಂಗಳೂರಿನವರು ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಇಟ್ಟು ಗೆಲ್ಲುತ್ತಾರೆ, ಅಲ್ಲಿಯ ಗಾಳಿ ಒಣ, ನೀರು ಆವಿಯಾಗುತ್ತಾ ತಣ್ಣಗಾಗುತ್ತದೆ. ವಿಶಾಖಪಟ್ಟಣದ ಜಿಗುಟು ಗಾಳಿಯಲ್ಲಿ ಫ್ಯಾನಿನ ಆಟ ಎರಡು ಡಿಗ್ರಿಗೇ ಮುಗಿಯುತ್ತದೆ. ಇಲ್ಲಿ ಚಿಲ್ಲರ್ ಬೇಕು, ಇಲ್ಲವೇ ಎಸಿ ಓಡುವ ಕೋಣೆ ಬೇಕು. ಚಿಲ್ಲರ್ ತೊಟ್ಟಿಗಿಂತ ದುಬಾರಿ. 200 ವ್ಯಾಟಿನದ್ದು ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 60 ಯುನಿಟ್. ಸ್ಕಿಮ್ಮರ್, ಕಂಟ್ರೋಲರ್ ಬಿಟ್ಟು ಉಳಿಸಿದ ದುಡ್ಡು ಇಲ್ಲಿಗೆ ಹಾಕಿ ಅಂತ ನಾನು ಹೇಳುವುದು.

ಎರಡು, ಕರೆಂಟು ಹೋದಾಗಿನ ಏರ್ಪಾಡು. 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತ ಈ ಕಡೆಯವರು ಯಾರೂ ಮರೆತಿಲ್ಲ. ಕಂಬಗಳು ಉರುಳಿ ಎಷ್ಟೋ ಬಡಾವಣೆಗಳಲ್ಲಿ ದಿನಗಟ್ಟಲೆ ಕತ್ತಲೆ. ಪಂಪ್ ನಿಂತಾಗ ಮೀನು ಸಾಯುವುದು ಬಹಳ ಸಲ ಬಿಸಿಯಿಂದಲ್ಲ, ಉಸಿರು ಕಟ್ಟಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆಯೇ ಕರಗುವುದು. ಅಂಥ ಹೊತ್ತಿನಲ್ಲಿ ಲಕ್ಷ ರೂಪಾಯಿಯ ಯಂತ್ರಗಳೆಲ್ಲ ಕಲ್ಲು, ಬ್ಯಾಟರಿಯ ಒಂದು ಪುಟ್ಟ ಏರ್ ಪಂಪ್ ಜೀವ ಉಳಿಸುತ್ತದೆ. ಅಂಥವು ಎರಡು ಇಟ್ಟುಕೊಳ್ಳಿ. ಮನೆಯ ಇನ್ವರ್ಟರಿನಲ್ಲಿ ಒಂದು ಪಂಪಿಗೆ ಜಾಗ ಕೊಡಿ, ಟಿವಿಯ ಜಾಗವಾದರೂ ಸರಿ.

ಮೂರು, ನಿಮ್ಮ ಜೀವದ ಸಾಮಾನು. ಉಪ್ಪುನೀರು, ಕರೆಂಟು ಎರಡೂ ಒಂದೇ ಕಡೆ ಇರುವ ಹವ್ಯಾಸ ಇದು. 30 ಮಿಲಿಆಂಪಿಯರಿನ ಒಂದು ಆರ್‌ಸಿಸಿಬಿ ಹಾಕಿಸಿ, ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರಲಿ, ಹನಿ ಅಲ್ಲೇ ಬೀಳುತ್ತದೆ. ಕೆಲವು ಜೋಆಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಯಂಕರ ವಿಷವಿದೆ. ಮುಟ್ಟುವಾಗ ಕೈಗವಸು, ಕನ್ನಡಕ ಇರಲಿ, ಅವಿರುವ ಬಂಡೆಯನ್ನು ಯಾವತ್ತೂ ಕುದಿಸಬೇಡಿ. ಮಕ್ಕಳಿರುವ ಮನೆಯಾದರೆ ಆ ಜಾತಿಯೇ ಬೇಡ.

ಇನ್ನೊಂದು ಸಣ್ಣ ಮಾತು ನಮ್ಮಂಥ ಊರು ಬಿಟ್ಟವರಿಗೆ. ಫ್ಯಾನ್ ಓಡಿದರೆ ದಿನಕ್ಕೆ ಎರಡು ಮೂರು ಲೀಟರ್ ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ದೀಪಾವಳಿಗೆ ಅಂತ ಹತ್ತು ದಿನ ಊರಿಗೆ ಹೋಗಿ 30 ಲೀಟರ್ ಕಡಿಮೆಯಾದರೆ 35 ಇದ್ದ ಉಪ್ಪು 44ರ ಹತ್ತಿರ! ಮೊದಲ ಐಷಾರಾಮಿ ಸಾಮಾನು ಕೊಳ್ಳುವುದಾದರೆ ತಾನೇ ಸಿಹಿನೀರು ತುಂಬುವ ಆಟೋ ಟಾಪ್-ಆಫ್ ಕೊಳ್ಳಿ.

"ಅಗ್ಗದ್ದು ತಂದರೆ ಎರಡು ಸಲ ಕೊಳ್ಳಬೇಕು" ಅಂತ ಅಂಗಡಿಯವರು ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಕಳಪೆ ಪಂಪ್, ಕಳಪೆ ಮಾಪಕ ಕೈ ಕೊಡುತ್ತವೆ. ಆದರೆ ನಾನು ಹೇಳುತ್ತಿರುವುದು ಅಗ್ಗದ್ದು ಕೊಳ್ಳಿ ಅಂತಲ್ಲ, ಕಡಿಮೆ ಕೊಳ್ಳಿ ಅಂತ. ಎಂಟು ಸಾಮಾನು ಕೊಳ್ಳಿ, ಎಂಟೂ ಒಳ್ಳೆಯವಿರಲಿ. ಇಪ್ಪತ್ತು ಯಂತ್ರ ಒಟ್ಟಿಗೆ ತಂದವನಿಗೆ ಯಾವುದು ಏನು ಮಾಡುತ್ತಿದೆ ಅಂತಲೇ ಗೊತ್ತಿರುವುದಿಲ್ಲ, ಒಂದು ಕೆಟ್ಟರೆ ಎಲ್ಲವನ್ನೂ ಅನುಮಾನಿಸುತ್ತಾನೆ.

ಇಷ್ಟೂ ಓದಿ "ಚಿಲ್ಲರಿಗೆ ದುಡ್ಡಿಲ್ಲ, ಬ್ಯಾಟರಿ ಪಂಪ್ ಆಮೇಲೆ ನೋಡೋಣ, ಮೊದಲು ಹವಳ ತರೋಣ" ಅನ್ನಿಸಿದರೆ ದಯವಿಟ್ಟು ನಿಲ್ಲಿ. ಸಿಹಿನೀರಿನಲ್ಲಿ ಗಿಡ ಬೆಳೆಸಿ, ಗಪ್ಪಿ ಸಾಕಿ, ಅದೂ ಚೆಂದವೇ. ಅದರಲ್ಲಿ ಅವಮಾನ ಏನಿಲ್ಲ. ದುಬಾರಿ ದೀಪದ ಕೆಳಗೆ ಮೇ ತಿಂಗಳಲ್ಲಿ ಹವಳ ಬೇಯುವುದಕ್ಕಿಂತ, ದುಡ್ಡು ಕೂಡುವ ತನಕ ತೊಟ್ಟಿ ಖಾಲಿ ಇರುವುದೇ ವಾಸಿ.